ಹಬ್ಬದ ಕೃತಜ್ಞತೆ, ಮಕ್ಕಳದೇ ಮಾತಿನಲ್ಲಿ: ಸ್ಥಳೀಯ ರೇಡಿಯೋದಲ್ಲಿ ಮಕ್ಕಳ ನೇರ ಫೋನ್‌ಇನ್ ನಡೆಸಲು ಸಮಗ್ರ ಮಾರ್ಗದರ್ಶಿ

ಆಶ್ವಯುಜದ ಭೂಮಿ ಹುಣ್ಣಿಮೆಯಿಂದ ದೀಪಾವಳಿಯ ಬಲಿಪಾಡ್ಯಮಿಯವರೆಗಿನ ಪಕ್ಷ ಮಲೆನಾಡಿನ ಮಟ್ಟಿಗೆ ಋಣ ನೆನೆಯುವ ಕಾಲ. ಹೊಡೆ ತುಂಬಿದ ಗದ್ದೆಯನ್ನು ಬಸುರಿಯೆಂದು ಭಾವಿಸಿ ಬಯಕೆಯ ಊಟ ಬಡಿಸುತ್ತಾರೆ. ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಚರಗ, ಅಂದರೆ ಭೂಮಿಗೆ ಅರ್ಪಿಸುವ ಅಡುಗೆ, ಹೊತ್ತು ನಸುಕಿನಲ್ಲೇ ಗದ್ದೆಗೆ ಬೀರಿ ಬರುತ್ತಾರೆ. ಪಾಡ್ಯದ ದಿನ ದನಕರುಗಳ ಮೈ ತೊಳೆದು, ಕೊರಳಿಗೆ ಹಾರ ಹಾಕಿ ಪೂಜಿಸುತ್ತಾರೆ. ರಾತ್ರಿ ಅಂಟಿಗೆ-ಪಂಟಿಗೆಯವರು ದೀಪ ಹೊತ್ತು ಮನೆಮನೆಗೆ ಹಾಡುತ್ತ ಬರುತ್ತಾರೆ. ಈ ದಿನಗಳಲ್ಲಿ ಸ್ಥಳೀಯ ರೇಡಿಯೋ ಕೇಂದ್ರವೊಂದು ಮಕ್ಕಳಿಗಾಗಿ ಒಂದು ಗಂಟೆಯ ನೇರ ಫೋನ್‌ಇನ್ ಇಟ್ಟುಕೊಂಡು, ಯಾರಿಗೆ ಏಕೆ ಕೃತಜ್ಞರಾಗಿದ್ದೀರಿ ಎಂದು ಕೇಳುವುದು ಬಹಳ ಸಹಜವಾದ ಯೋಚನೆ. ಆದರೆ ಸಿದ್ಧತೆಯಿಲ್ಲದೆ ಆರಂಭಿಸಿದರೆ ಕೇಳಿಬರುವುದು ಒಂದೇ ಉತ್ತರ: ಅಪ್ಪ ಅಮ್ಮನಿಗೆ, ಗುರುಗಳಿಗೆ, ದೇವರಿಗೆ ಧನ್ಯವಾದ. ಹಿಂದಿನಿಂದ ದೊಡ್ಡವರೊಬ್ಬರು ಪಿಸುಗುಟ್ಟಿ ಹೇಳಿಸಿದ ಮಾತು ಅದು. ಹಾಗೆ ಹೇಳಿಸಿದ ಧನ್ಯವಾದದಿಂದ ಮಗು ಕಲಿಯುವುದು ಮೆಚ್ಚುಗೆಗಾಗಿ ಮಾತಾಡುವುದನ್ನು. ಕೃತಜ್ಞತೆಯನ್ನು ಅದು ಇನ್ನೆಲ್ಲೋ ಕಲಿಯಬೇಕಾಗುತ್ತದೆ. ಮಗು ತನಗೆ ನಿಜವಾಗಿ ಅನಿಸಿದ್ದನ್ನು ನಾಲ್ಕು ಜನರೆದುರು ಹೇಳಿ, ಅದಕ್ಕಾಗಿ ಬೈಸಿಕೊಳ್ಳದೆ, ನಗೆಗೀಡಾಗದೆ ಫೋನ್ ಇಡುವಂತೆ ಈ ಒಂದು ಗಂಟೆಯನ್ನು ಹೇಗೆ ಕಟ್ಟಬೇಕೆಂಬುದೇ ಈ ಮಾರ್ಗದರ್ಶಿಯ ವಿಷಯ. ಸಮುದಾಯ ಬಾನುಲಿಯವರು (ಸ್ಥಳೀಯ ಸಂಘ-ಸಂಸ್ಥೆಗಳೇ ನಡೆಸುವ ಸಣ್ಣ ರೇಡಿಯೋದವರು), ಕಾಲೇಜುಗಳ ಪತ್ರಿಕೋದ್ಯಮ ವಿಭಾಗದವರು ಮತ್ತು ಮಕ್ಕಳನ್ನು ಫೋನಿನ ಮುಂದೆ ಕೂರಿಸುವ ತಂದೆತಾಯಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯಲಾಗಿದೆ.

ಹಂತ 1: ಪ್ರಶ್ನೆಯನ್ನು ಮೊದಲು ಗಟ್ಟಿ ಮಾಡಿಕೊಳ್ಳಿ

ಕಾರ್ಯಕ್ರಮದ ಹಣೆಬರಹವನ್ನು ನಿರ್ಧರಿಸುವುದು ನಿರೂಪಕರ ಕಂಠಕ್ಕಿಂತ ಹೆಚ್ಚಾಗಿ ಅವರು ಕೇಳುವ ಮೊದಲ ಪ್ರಶ್ನೆ. ‘ಹಬ್ಬಕ್ಕೆ ಏನೇನು ತಗೊಂಡ್ರಿ?’ ಎಂಬ ಪ್ರಶ್ನೆಯನ್ನು ಪಟ್ಟಿಯಿಂದ ತೆಗೆದುಹಾಕಿ. ಹೊಸ ಬಟ್ಟೆ ಬಂದ ಮನೆ, ಬಾರದ ಮನೆ, ತೋಟದ ಒಡೆಯರ ಮಕ್ಕಳು, ಅದೇ ತೋಟದಲ್ಲಿ ಅಡಿಕೆಯ ಕೊನೆಕೊಯ್ಲಿಗೆ ಹೋಗುವವರ ಮಕ್ಕಳು ಎಲ್ಲರೂ ಒಂದೇ ರೇಡಿಯೋದ ಮುಂದೆ ಕುಳಿತಿರುತ್ತಾರೆ. ಏನೂ ಬಾರದ ಮಗುವಿಗೆ ಆ ಪ್ರಶ್ನೆಯಲ್ಲಿ ಎರಡೇ ದಾರಿ ಉಳಿಯುತ್ತವೆ: ಸುಳ್ಳು ಹೇಳುವುದು, ಇಲ್ಲವೇ ಅವಮಾನ ನುಂಗುವುದು. ನಮ್ಮ ಪ್ರಶ್ನೆಯೇ ಮಗುವನ್ನು ಸುಳ್ಳಿಗೆ ನೂಕಿದ ಮೇಲೆ ಪ್ರಾಮಾಣಿಕತೆಯ ಬಗ್ಗೆ ಮಾತಾಡುವ ಹಕ್ಕು ನಮಗಿರುವುದಿಲ್ಲ.

‘ಯಾರಿಗೆ ಥ್ಯಾಂಕ್ಸ್ ಹೇಳ್ತೀಯ?’ ಎಂಬುದೂ ಅಷ್ಟೇನೂ ಒಳ್ಳೆಯ ಪ್ರಶ್ನೆಯಲ್ಲ, ಏಕೆಂದರೆ ಅದಕ್ಕೆ ಶಾಲೆಯಲ್ಲಿ ಕಲಿಸಿದ ಉತ್ತರ ಸಿದ್ಧವಾಗಿರುತ್ತದೆ. ಅದರ ಬದಲಿಗೆ ಒಂದು ಘಟನೆಯನ್ನು ಕೇಳಬೇಕು. ‘ಈ ಮಳೆಗಾಲದಲ್ಲಿ ನಿನಗೆ ಯಾರಾದರೂ ಸಹಾಯ ಮಾಡಿದ್ದು ನೆನಪಿದೆಯಾ?’, ‘ಹಬ್ಬದ ಕೆಲಸದಲ್ಲಿ ನಿಮ್ಮನೇಲಿ ಯಾರಿಗೆ ತುಂಬ ಸುಸ್ತಾಯ್ತು?’, ‘ಯಾರಿಗೋ ಏನೋ ಹೇಳಬೇಕು ಅಂತ ಇದ್ದು ಹೇಳದೇ ಉಳಿದದ್ದು ಇದೆಯಾ?’ ಇಂಥ ಪ್ರಶ್ನೆಗೆ ಕಂಠಪಾಠದ ಉತ್ತರವಿರುವುದಿಲ್ಲ. ಶರಾವತಿ ಹಿನ್ನೀರಿನಾಚೆಯ ತುಮರಿ ಭಾಗದ ಒಂದು ಮಗು, 2025ರ ಜುಲೈನಲ್ಲಿ ಸೇತುವೆ ತೆರೆದ ಮೇಲೂ, ಅಲ್ಲಿಯವರೆಗೆ ತನ್ನನ್ನು ದಾಟಿಸುತ್ತಿದ್ದ ಲಾಂಚಿನವರನ್ನು ನೆನೆಯಬಹುದು. ಕೊಟ್ಟಿಗೆಯ ಒಂದು ಹಸುವನ್ನೇ ನೆನೆಯಬಹುದು. ಅಂಥ ಉತ್ತರಕ್ಕೆ ಜಾಗ ಬಿಡುವ ಪ್ರಶ್ನೆಗಳನ್ನು ಆರೇಳು ಬರೆದಿಟ್ಟುಕೊಂಡರೆ ಸಾಕು.

ಮಕ್ಕಳ ಕೃತಜ್ಞತೆ ಒಂದೇ ಬಗೆಯದಲ್ಲ ಎಂಬುದನ್ನು ಸ್ವಿಟ್ಜರ್ಲೆಂಡಿನ ಮನಃಶಾಸ್ತ್ರಜ್ಞೆ ಫ್ರಾನ್ಸಿಸ್ಕಾ ಬೌಮ್‌ಗಾರ್ಟನ್-ಟ್ರಾಮರ್ 1938ರಲ್ಲೇ ಗುರುತಿಸಿದ್ದರು. ನಿನ್ನ ಅತಿ ದೊಡ್ಡ ಆಸೆ ಏನು, ಅದನ್ನು ಪೂರೈಸಿದವರಿಗೆ ನೀನೇನು ಮಾಡುತ್ತೀಯೆ ಎಂದು ಅವರು 7ರಿಂದ 15 ವರ್ಷದ ಮಕ್ಕಳನ್ನು ಕೇಳಿದರು. ಕೆಲವರು ಬಾಯಿಮಾತಿನಲ್ಲಿ ವಂದಿಸುವುದಾಗಿ ಹೇಳಿದರು. ಚಿಕ್ಕವರಲ್ಲಿ ಅನೇಕರು ತಮಗೆ ಪ್ರಿಯವಾದ ವಸ್ತುವನ್ನೇ ಮರಳಿ ಕೊಡುತ್ತೇವೆಂದರು. ಇನ್ನು ಕೆಲವರು ಕೊಟ್ಟವರ ಮನಸ್ಸಿಗೆ ಏನು ಬೇಕೋ ಅದನ್ನು ಮಾಡುತ್ತೇವೆಂದರು. ಮತ್ತೆ ಕೆಲವರು ಸಿಕ್ಕ ಅವಕಾಶವನ್ನು ಚೆನ್ನಾಗಿ ಬಳಸಿ ತೋರಿಸುತ್ತೇವೆಂದರು. ಆದ್ದರಿಂದ ಆರು ವರ್ಷದ ಹುಡುಗ ‘ಅಣ್ಣನಿಗೆ ನನ್ನ ಗೋಲಿ ಕೊಡ್ತೀನಿ’ ಎಂದರೆ ಅದು ಪೂರ್ಣವಾದ ಕೃತಜ್ಞತೆಯೇ. ಅದರ ಮೇಲೆ ‘ಥ್ಯಾಂಕ್ಸ್ ಅಂತ ಹೇಳು’ ಎಂದು ಒತ್ತಾಯಿಸುವ ಅಗತ್ಯವಿಲ್ಲ.

ಹಬ್ಬವೆಂದರೆ ದೀಪಾವಳಿ ಮಾತ್ರ ಎಂಬ ಧ್ವನಿ ಪ್ರಶ್ನೆಗಳಲ್ಲಿ ಬರಬಾರದು. ಈದ್, ಕ್ರಿಸ್‌ಮಸ್ ಆಚರಿಸುವ ಮನೆಯ ಮಕ್ಕಳೂ ಇದೇ ಕೇಂದ್ರದ ಕೇಳುಗರು. ‘ನಿಮ್ಮನೆಯ ಹಬ್ಬ’ ಎಂದು ಕೇಳಿದರೆ ಎಲ್ಲರಿಗೂ ಬಾಗಿಲು ತೆರೆದಂತೆ.

ಹಂತ 2: ಮಗು ಯಾವಾಗ, ಏಕೆ ನಿಜವನ್ನು ಮುಚ್ಚಿಡುತ್ತದೆಂದು ತಿಳಿದುಕೊಳ್ಳಿ

ಕನ್ನಡ ನಾಡಿನಲ್ಲಿ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದ ಎಂ.ವಿ. ಗೋಪಾಲಸ್ವಾಮಿಯವರು ವೃತ್ತಿಯಿಂದ ಮನಃಶಾಸ್ತ್ರದ ಪ್ರಾಧ್ಯಾಪಕರು. ರೇಡಿಯೋದಲ್ಲಿ ಮಕ್ಕಳೊಂದಿಗೆ ಮಾತಾಡುವವರಿಗೆ ಆ ಶಾಸ್ತ್ರದ ನಾಲ್ಕು ವಿಷಯಗಳಾದರೂ ತಿಳಿದಿರಬೇಕೆಂದು ನಾನು ಬಲವಾಗಿ ನಂಬುತ್ತೇನೆ.

ಮೊದಲನೆಯದು ಇಷ್ಟವಿಲ್ಲದ ಉಡುಗೊರೆಯ ವಿಚಾರ. ಅಮೆರಿಕದ ಕ್ಯಾರೊಲಿನ್ ಸಾರ್ನಿ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಳ್ಳೆಯ ಬಹುಮಾನ ನಿರೀಕ್ಷಿಸಿದ್ದ ಶಾಲಾ ಮಕ್ಕಳಿಗೆ ತೀರ ಎಳೆಯ ಮಕ್ಕಳಿಗೆ ಕೊಡುವಂಥ ಆಟಿಕೆ ಕೊಟ್ಟು ಅವರ ಮುಖಭಾವ ಗಮನಿಸಲಾಯಿತು. ವಯಸ್ಸು ಹೆಚ್ಚಿದಂತೆ ನಿರಾಸೆಯನ್ನು ನಗುವಿನ ಹಿಂದೆ ಅಡಗಿಸುವುದು ಹೆಚ್ಚುತ್ತದೆ. ಹೆಣ್ಣುಮಕ್ಕಳಲ್ಲಿ ಅದು ಇನ್ನೂ ಹೆಚ್ಚು. ಆದ್ದರಿಂದ ಹತ್ತು ವರ್ಷದ ಹುಡುಗಿಯೊಬ್ಬಳು ಅತ್ಯಂತ ನಯವಾಗಿ ಎಲ್ಲರಿಗೂ ವಂದನೆ ಸಲ್ಲಿಸಿದಾಗ, ಆಹಾ ಎಷ್ಟು ಜಾಣೆ ಎಂದು ಹೊಗಳಿ ಫೋನ್ ಇಡುವುದು ಸುಲಭ. ಅವಳಿಗೆ ಇನ್ನೊಂದು ಪ್ರಶ್ನೆಯ ಅವಕಾಶ ಕೊಡಬೇಕು. ಮನಸ್ಸಿಗೆ ಹಿಡಿಸದ್ದನ್ನೂ ಹೇಳಬಹುದೆಂಬ ಸೂಚನೆ ಅವಳಿಗೇ ಹೆಚ್ಚು ಅಗತ್ಯ.

ಎರಡನೆಯದು, ಭಯ ಹುಟ್ಟಿಸಿ ನಿಜ ಹೇಳಿಸಲಾಗದು. ಕಾಂಗ್ ಲೀ, ವಿಕ್ಟೋರಿಯಾ ತಲ್ವಾರ್ ಮತ್ತು ಸಂಗಡಿಗರು 2014ರಲ್ಲಿ 3ರಿಂದ 7 ವರ್ಷದ ಮಕ್ಕಳಿಗೆ ಬೇರೆ ಬೇರೆ ನೀತಿಕಥೆ ಹೇಳಿ ಪರೀಕ್ಷಿಸಿದರು. ಸುಳ್ಳಿಗೆ ಘೋರ ಶಿಕ್ಷೆಯಾಗುವ ಕಥೆ ಕೇಳಿದ ಮಕ್ಕಳಲ್ಲಿ ಪ್ರಾಮಾಣಿಕತೆ ಹೆಚ್ಚಲಿಲ್ಲ. ತಪ್ಪೊಪ್ಪಿಕೊಂಡ ಹುಡುಗನನ್ನು ತಂದೆ ಮೆಚ್ಚಿಕೊಳ್ಳುವ ಕಥೆ ಕೇಳಿದವರಲ್ಲಿ ಹೆಚ್ಚಿತು. ಕಾರ್ಯಕ್ರಮದ ಆರಂಭದಲ್ಲಿ ಕಥೆ ಹೇಳುವ ಯೋಚನೆಯಿದ್ದರೆ ಯಾವ ಬಗೆಯ ಕಥೆ ಆರಿಸಬೇಕೆಂಬುದು ಇದರಿಂದಲೇ ತಿಳಿಯುತ್ತದೆ. ‘ಸುಳ್ಳು ಹೇಳಿದ್ರೆ ದೇವರು ಕಣ್ಣು ಕೀಳ್ತಾನೆ’ ಎಂಬ ಧಾಟಿಯ ಮಾತು ತಮಾಷೆಗೂ ಬೇಡ.

ಮೂರನೆಯದು ಸಣ್ಣ ಸಂಗತಿ, ಆದರೆ ನಿರೂಪಕರು ಮೇಲಿಂದ ಮೇಲೆ ಎಡವುವುದು ಇಲ್ಲೇ: ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿದರೆ, ಮೊದಲು ಕೊಟ್ಟ ಉತ್ತರ ತಪ್ಪಾಯಿತೇನೋ ಎಂದುಕೊಂಡು ಮಕ್ಕಳು ಉತ್ತರ ಬದಲಿಸುತ್ತಾರೆ. ‘ನಿಜವಾಗ್ಲೂನಾ?’ ಎಂಬ ಉದ್ಗಾರವೂ ಅವರಿಗೆ ಆಕ್ಷೇಪವಾಗಿಯೇ ಕೇಳಿಸುತ್ತದೆ.

ನಾಲ್ಕನೆಯದು ಮೌನ. ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳನ್ನು ಗಮನಿಸಿ, ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕಾಗಿ ಸುಮಾರು 1 ಸೆಕೆಂಡಷ್ಟೇ ಕಾಯುತ್ತಾರೆಂದೂ, 3 ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಗುವುದರ ಜೊತೆಗೆ ಸುಮ್ಮನಿರುವ ಮಕ್ಕಳೂ ಬಾಯಿ ಬಿಡುತ್ತಾರೆಂದೂ ತೋರಿಸಿದರು. ರೇಡಿಯೋದವರಿಗೆ 3 ಸೆಕೆಂಡಿನ ಮೌನವೆಂದರೆ ಎದೆ ಹೊಡೆದುಕೊಳ್ಳುವ ಸಂಗತಿ. ಮಕ್ಕಳ ಕಾರ್ಯಕ್ರಮದಲ್ಲಿ ಮಾತ್ರ ಆ ಭಯವನ್ನು ಬಿಡಲೇಬೇಕು. ‘ಯೋಚನೆ ಮಾಡು ಮರಿ, ನಾನು ಇಲ್ಲೇ ಇದ್ದೀನಿ’ ಎಂದು ಒಮ್ಮೆ ಹೇಳಿ ಸುಮ್ಮನಾದರೆ ಕೇಳುಗರೂ ಕಾಯುತ್ತಾರೆ.

ಹಂತ 3: ಒಪ್ಪಿಗೆ, ಹೆಸರು ಮತ್ತು ಕಾನೂನು

ಪ್ರತಿ ಕರೆಯಲ್ಲೂ ಮೊದಲು ಮನೆಯ ದೊಡ್ಡವರೊಂದಿಗೆ ಮಾತಾಡಿ, ಮಗುವಿನ ಧ್ವನಿ ನೇರವಾಗಿ ಪ್ರಸಾರವಾಗುತ್ತದೆ, ಧ್ವನಿಮುದ್ರಣವೂ ಆಗುತ್ತದೆ ಎಂದು ತಿಳಿಸಿ ಒಪ್ಪಿಗೆ ಪಡೆಯಬೇಕು. ಬಳಿಕ ಮಗುವನ್ನೂ ಕೇಳಬೇಕು. ಅಮ್ಮ ಒಪ್ಪಿ ಮಗು ಬೇಡವೆಂದರೆ ಆ ಕರೆ ಅಲ್ಲಿಗೇ ನಿಲ್ಲಬೇಕು. ಭಾರತವು 1992ರಲ್ಲಿ ಅಂಗೀಕರಿಸಿದ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಮಗುವಿನ ಅಭಿಪ್ರಾಯಕ್ಕೆ ತೂಕ ಕೊಡಬೇಕೆನ್ನುತ್ತದೆ. ಹೆಸರು, ಫೋನ್ ನಂಬರ್ ಬರೆದಿಡುವವರು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಹದಿನೆಂಟು ತುಂಬದವರ ಮಾಹಿತಿಗೆ ಪೋಷಕರ ಒಪ್ಪಿಗೆ ಬಯಸುತ್ತದೆಂಬುದನ್ನು ಮರೆಯಬಾರದು.

ಪ್ರಸಾರದಲ್ಲಿ ಮಗುವಿನ ಕರೆಯುವ ಹೆಸರು ಮತ್ತು ತಾಲ್ಲೂಕು ಮಾತ್ರ ಸಾಕು. ಊರು, ಶಾಲೆ, ಮನೆತನದ ಹೆಸರು, ಅಪ್ಪನ ಉದ್ಯೋಗ ಬೇಡ. ಮಲೆನಾಡಿನ ಒಂಟಿ ಮನೆಗಳ ಊರುಗಳಲ್ಲಿ ಇಷ್ಟು ಹೇಳಿದರೇ ಯಾರ ಮನೆಯೆಂದು ಗೊತ್ತಾಗಿಬಿಡುತ್ತದೆ. ಹಾಗಾಗಿ, ಮನೆಯ ಜಗಳ, ಸಾಲ, ಕಾಯಿಲೆಯ ಮಾತು ಬರುವಂತಿದ್ದರೆ ಹೆಸರನ್ನೂ ಬದಲಿಸಿ ಕರೆಯುವುದು ಒಳಿತು.

ಹಂತ 4: ಗುಡ್ಡಗಾಡಿನ ಸಿಗ್ನಲ್‌ಗೆ ತಕ್ಕ ತಯಾರಿ

ಆಕಾಶವಾಣಿ ಭದ್ರಾವತಿ ಕೇಂದ್ರ 1965ರಲ್ಲಿ ಆರಂಭವಾಗಿ, 675 ಕಿಲೋಹರ್ಟ್ಸ್‌ನ ಮಧ್ಯಮ ತರಂಗದಲ್ಲಿ ದಶಕಗಳ ಕಾಲ ಮಲೆನಾಡಿನ ಮನೆಗಳನ್ನು ತಲುಪಿದೆ. ಮಧ್ಯಮ ತರಂಗ ನೆಲವನ್ನು ಅನುಸರಿಸಿ ಸಾಗುತ್ತದೆ. ಎಫ್‌ಎಂ ಬಹುಮಟ್ಟಿಗೆ ನೇರ ದೃಷ್ಟಿಯಲ್ಲೇ ಸಾಗುವುದರಿಂದ ಗುಡ್ಡದ ಆಚೆ ಬದಿಗೆ ಸರಿಯಾಗಿ ಮುಟ್ಟುವುದಿಲ್ಲ. 100 ವ್ಯಾಟ್ ಮಿತಿಯ ಸಮುದಾಯ ಬಾನುಲಿಯಂತೂ ಬಯಲಿನಲ್ಲೂ ಹತ್ತು ಕಿಲೋಮೀಟರಿನ ಆಸುಪಾಸಿನದು. ಕರೆ ಮಾಡುವ ಮಗುವಿನ ಮನೆಯಲ್ಲಿ ನಿಮ್ಮ ಪ್ರಸಾರ ಕೇಳಿಸದಿರಬಹುದು. ರೇಡಿಯೋ ಕೇಳಿಸುವ ಮನೆಯಲ್ಲಿ ಮೊಬೈಲ್ ನೆಟ್‌ವರ್ಕ್ ಇಲ್ಲದಿರಬಹುದು. ಹೊಸನಗರ, ತೀರ್ಥಹಳ್ಳಿ, ಸಾಗರದ ಒಳಭಾಗಗಳಲ್ಲಿ ಮಕ್ಕಳು ಗುಡ್ಡ ಹತ್ತಿ ಫೋನ್ ಮಾಡುವ ಪರಿಸ್ಥಿತಿ ಇಂದಿಗೂ ಇದೆ. ಅದಕ್ಕಾಗಿ ಕಾರ್ಯಕ್ರಮಕ್ಕೆ ಎರಡು ವಾರ ಮೊದಲೇ, ಅಂಥ ಊರುಗಳ ಮಕ್ಕಳ ಮಾತನ್ನು ಶಾಲೆ ಅಥವಾ ಅಂಗನವಾಡಿಯ ಬಳಿ ಮುದ್ರಿಸಿಕೊಂಡು ಬನ್ನಿ. ನೇರ ಕರೆಗಳ ನಡುವೆ ಅವನ್ನು ಬಿತ್ತರಿಸಬಹುದು. ಲೈನ್ ಕೈಕೊಟ್ಟಾಗ ಅವೇ ಕಾಪಾಡುತ್ತವೆ.

ಸ್ಟುಡಿಯೋದಲ್ಲಿ ಎರಡು ಫೋನ್ ಲೈನ್, ಕರೆಯನ್ನು ಮಿಕ್ಸರ್‌ಗೆ ಸೇರಿಸುವ ಹೈಬ್ರಿಡ್ ಮತ್ತು ಸಾಧ್ಯವಿದ್ದರೆ ಪ್ರಸಾರವನ್ನು 7ರಿಂದ 10 ಸೆಕೆಂಡು ತಡಮಾಡುವ ಉಪಕರಣ ಇರಬೇಕು. ಮಗು ಅಕಸ್ಮಾತ್ ಫೋನ್ ನಂಬರನ್ನೋ ಯಾರದೋ ಪೂರ್ತಿ ಹೆಸರನ್ನೋ ಹೇಳಿದರೆ ಅಳಿಸಲು ಆ ಸಮಯ ಸಾಕಾಗುತ್ತದೆ. ಹಳೆಯ ದೂರವಾಣಿ ಲೈನ್ ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಧ್ವನಿಯನ್ನಷ್ಟೇ ಒಯ್ಯುತ್ತದೆ. ಮಕ್ಕಳ ಎಳೆಯ ಧ್ವನಿಯ ಸಕಾರ, ಶಕಾರಗಳು ಅದರಲ್ಲಿ ಕಳೆದುಹೋಗುತ್ತವೆ. ಆದ್ದರಿಂದ ಸ್ಪೀಕರ್ ಆರಿಸಿ ಫೋನನ್ನು ಕಿವಿಗೆ ಹಿಡಿಯಲು ಹೇಳಿ. ಮನೆಯ ರೇಡಿಯೋ ಸದ್ದು ನಿಲ್ಲಿಸಿ ಇನ್ನೊಂದು ಕೋಣೆಗೆ ಹೋಗಲು ಹೇಳಿ. ಇಲ್ಲದಿದ್ದರೆ ಮಗು ತಡವಾಗಿ ಬರುವ ತನ್ನದೇ ಧ್ವನಿ ಕೇಳಿ ಗಾಬರಿಯಾಗಿ ನಿಂತುಬಿಡುತ್ತದೆ.

ಹಂತ 5: ಕರೆ ಸ್ವೀಕರಿಸುವವರ ಮೇಜು

ನಿರೂಪಕರಷ್ಟೇ ಮುಖ್ಯವಾದವರು ಕರೆ ಸ್ವೀಕರಿಸುವವರು. ಅವರು ಮಗುವಿನೊಂದಿಗೆ ಎರಡು ನಿಮಿಷ ಹರಟಬೇಕು, ಆದರೆ ಏನು ಹೇಳಬೇಕೆಂದು ತಿದ್ದಬಾರದು. ಹೆಸರು, ವಯಸ್ಸು, ತಾಲ್ಲೂಕು ಮತ್ತು ಮಗು ಹೇಳಿದ ಒಂದು ವಾಕ್ಯವನ್ನು ಚೀಟಿಯಲ್ಲಿ ಬರೆದು ನಿರೂಪಕರಿಗೆ ಕೊಟ್ಟರೆ ಸಾಕು. ಜೊತೆಗೆ ಫೋನ್ ಕೊಟ್ಟ ತಂದೆತಾಯಿಗೆ ಒಂದು ವಿನಂತಿ ಮಾಡಬೇಕು: ‘ಅಕ್ಕಾ, ಪಕ್ಕದಲ್ಲೇ ಇರಿ, ಆದ್ರೆ ಹೇಳಿಕೊಡಬೇಡಿ. ಏನು ಹೇಳಿದ್ರೂ ಆಮೇಲೆ ಬೈಬೇಡಿ.’ ಈ ಕೊನೆಯ ಮಾತನ್ನು ಪ್ರತಿ ಕರೆಯಲ್ಲೂ ತಪ್ಪದೆ ಹೇಳಿ. ರೇಡಿಯೋದಲ್ಲಿ ನಿಜ ಹೇಳಿದ್ದಕ್ಕೆ ಮನೆಯಲ್ಲಿ ಏಟು ತಿಂದ ಮಗು ಮುಂದೆ ಎಲ್ಲಿಯೂ ನಿಜ ಹೇಳಲು ಹಿಂಜರಿಯುತ್ತದೆ.

ಹಂತ 6: ನೇರ ಪ್ರಸಾರದ ಒಂದು ಗಂಟೆ

ಒಂದು ಗಂಟೆಗೆ ಹತ್ತು ಕರೆಗಳು ಹಿಡಿಸುತ್ತವೆ. ಅದಕ್ಕಿಂತ ಹೆಚ್ಚು ತೆಗೆದುಕೊಂಡರೆ ಪ್ರತಿ ಮಗುವನ್ನೂ ಅವಸರಿಸಬೇಕಾಗುತ್ತದೆ. ಮೊದಲ ಕರೆಗೆ ಎಂಟೊಂಬತ್ತು ವರ್ಷದ, ಚೀಟಿಯಲ್ಲಿ ಸಹಜವಾದ ಮಾತು ಬರೆದಿರುವ ಮಗುವನ್ನು ಆರಿಸಿ. ಉಳಿದ ಮಕ್ಕಳು ಆ ಮೊದಲ ಧ್ವನಿಯನ್ನು ಕೇಳಿಯೇ ಇಲ್ಲಿ ಹೇಗೆ ಮಾತಾಡಬೇಕೆಂದು ತೀರ್ಮಾನಿಸುತ್ತಾರೆ. ಮೊದಲನೆಯವರು ಭಾಷಣ ಒಪ್ಪಿಸಿದರೆ ಹತ್ತೂ ಭಾಷಣಗಳೇ ಬರುತ್ತವೆ.

ಮಗು ಮನೆಯಲ್ಲಿ ಆಡುವ ಮಾತಿನಲ್ಲೇ ಮಾತಾಡಲಿ. ಹವ್ಯಕರ ಮನೆಯ ಮಾತು, ದೀವರ ಮನೆಯ ಮಾತು, ಶಿಕಾರಿಪುರದ ತಾಂಡಾಗಳ ಲಂಬಾಣಿ ಬೆರೆತ ಕನ್ನಡ, ಭದ್ರಾವತಿಯ ಕಾರ್ಮಿಕ ಬಡಾವಣೆಗಳ ತಮಿಳು ಬೆರೆತ ಕನ್ನಡ ಎಲ್ಲವೂ ಬರಲಿ. ಪುಸ್ತಕದ ಕನ್ನಡಕ್ಕೆ ತಿರುಗಿದ ಕೂಡಲೇ ಮಗು ಅನಿಸಿದ್ದನ್ನು ಬಿಟ್ಟು ಕಲಿತದ್ದನ್ನು ಹೇಳತೊಡಗುತ್ತದೆ. ಸಮುದಾಯ ಬಾನುಲಿ ನೀತಿಯೂ ಕಾರ್ಯಕ್ರಮಗಳು ಆದಷ್ಟು ಸ್ಥಳೀಯ ಭಾಷೆ, ಉಪಭಾಷೆಗಳಲ್ಲಿರಬೇಕೆಂದೇ ಬಯಸುತ್ತದೆ.

ಸಂಭಾಷಣೆ ಹೇಗೆ ಸಾಗಬಹುದೆಂಬುದಕ್ಕೆ ಒಂದು ಕಲ್ಪಿತ ಮಾದರಿ ಇಲ್ಲಿದೆ.

‘ಹಬ್ಬದ ಕೆಲಸದಲ್ಲಿ ನಿಮ್ಮನೇಲಿ ಯಾರಿಗೆ ತುಂಬ ಸುಸ್ತಾಯ್ತು ಪುಟ್ಟಿ?’

‘ಅಜ್ಜಿಗೆ.’

‘ಏನ್ ಮಾಡ್ತಿದ್ರು ಅಜ್ಜಿ?’

‘ಚೀನಿಕಾಯಿ ಕಡುಬು. ರಾತ್ರಿಯೆಲ್ಲ ಎದ್ದಿತ್ತು. ನಂಗೆ ಅದು ಸೇರಲ್ಲ.’

ಇಲ್ಲಿ ಕಾರ್ಯಕ್ರಮ ಯಾವ ಕಡೆಗಾದರೂ ತಿರುಗಬಹುದು. ‘ಅಯ್ಯೋ, ಹಾಗನ್ನಬಾರದು, ಅಜ್ಜಿಗೆ ಬೇಜಾರಾಗುತ್ತೆ’ ಎಂದರೆ ಮಗು ತಕ್ಷಣ ಸೇರುತ್ತದೆಂದು ಸುಳ್ಳು ಹೇಳುತ್ತದೆ. ನಕ್ಕುಬಿಟ್ಟರೆ ಮುಂದಿನ ಮಗು ನಗಿಸಲೆಂದೇ ಏನಾದರೂ ಹೇಳುತ್ತದೆ. ಒಳ್ಳೆಯ ನಿರೂಪಕಿ ಎರಡೂ ಮಾತನ್ನು ಒಟ್ಟಿಗೆ ಎತ್ತಿಕೊಳ್ಳುತ್ತಾರೆ: ‘ಸರಿ, ಕಡುಬು ನಿಂಗೆ ಸೇರಲ್ಲ. ಅಜ್ಜಿ ರಾತ್ರಿಯೆಲ್ಲ ಎದ್ದಿದ್ರು ಅನ್ನೋದನ್ನ ನೀನು ನೋಡಿದ್ದೀಯ.’ ಆಮೇಲೆ ಸುಮ್ಮನೆ ಕಾಯುತ್ತಾರೆ. ಆ ಮೌನದ ನಂತರ ಮಗು, ಬೆಳಿಗ್ಗೆ ಅಜ್ಜಿಯ ಕಾಲು ಒತ್ತಿದೆನೆಂದೋ, ಇಲ್ಲ, ತನಗೆ ನಿದ್ದೆ ಬಂದಿತ್ತು ಏನೂ ಮಾಡಲಿಲ್ಲವೆಂದೋ ಹೇಳಬಹುದು. ಎರಡನೆಯ ಉತ್ತರಕ್ಕೂ ಮೊದಲನೆಯದಕ್ಕೆ ಸಿಕ್ಕಷ್ಟೇ ಆದರ ಸಿಗಬೇಕು. ಕಡುಬು ಇಷ್ಟವಾಗದಿದ್ದರೂ ಅಜ್ಜಿಯ ಶ್ರಮ ಕಂಡಿತೆಂಬುದು ಆ ಮಗು ಆಡಬಹುದಾದ ಅತ್ಯಂತ ಸತ್ಯವಾದ ಕೃತಜ್ಞತೆಯ ಮಾತು. ಅದು ಕೇಳಿಬಂದರೆ ಉಳಿದ ಗಂಟೆ ತಾನಾಗಿಯೇ ದಾರಿ ಹಿಡಿಯುತ್ತದೆ.

‘ತುಂಬ ಒಳ್ಳೆ ಹುಡುಗಿ’ ಎಂಬ ಬಗೆಯ ಪ್ರಶಂಸೆಯನ್ನು ಕಡಿಮೆ ಮಾಡಿ, ‘ಇದನ್ನ ನಮಗೆ ಹೇಳಿದ್ದಕ್ಕೆ ಸಂತೋಷ’ ಎಂದು ಮುಗಿಸಿ. ಹಿಂದಿನಿಂದ ಯಾರೋ ಹೇಳಿಕೊಡುತ್ತಿರುವುದು ಕೇಳಿಸಿದರೆ ಮಗುವನ್ನು ದೂರದೆ, ‘ಅಮ್ಮನ ಮಾತೂ ಕೇಳಿಸ್ತಾ ಇದೆ, ಅವರ ಜೊತೆ ಆಮೇಲೆ ಮಾತಾಡೋಣ. ಈಗ ನಿಂದು ಹೇಳು’ ಎನ್ನಿ. ಅತ್ಯುತ್ತಮ ಕರೆಗೆ ಬಹುಮಾನವೆಂಬ ಯೋಜನೆಯನ್ನು ಪ್ರಾಯೋಜಕರು ಎಷ್ಟು ಒತ್ತಾಯಿಸಿದರೂ ಒಪ್ಪಬೇಡಿ. ಕೊಡಲೇಬೇಕೆಂದಿದ್ದರೆ ಕರೆ ಮಾಡಿದ ಎಲ್ಲರಿಗೂ ಒಂದೇ ಬಗೆಯ ಪುಸ್ತಕ ಕೊಡಿ. ನಿಜದ ಮಾತಿಗೆ ಮೊದಲ ಸ್ಥಾನ, ಎರಡನೆಯ ಸ್ಥಾನ ಎಂದು ಕೊಡುವ ಕ್ಷಣದಿಂದ ಮಕ್ಕಳು ಬಹುಮಾನಕ್ಕೆ ತಕ್ಕ ಮಾತನ್ನು ಹುಡುಕತೊಡಗುತ್ತಾರೆ.

ಹಂತ 7: ಕಷ್ಟದ ಮಾತು ಬಂದಾಗ

ನಿಜ ಹೇಳಬಹುದೆಂದು ಮಗುವಿಗೆ ಧೈರ್ಯ ಕೊಟ್ಟ ಮೇಲೆ ಯಾವ ನಿಜ ಬಂದರೂ ಎದುರಿಸಲು ಸಿದ್ಧರಿರಬೇಕು. ಅಪ್ಪ ಕುಡಿದು ಬಂದದ್ದು, ಅಮ್ಮ ತವರಿಗೆ ಹೋದವರು ಮರಳದಿದ್ದದ್ದು, ಯಾರೋ ಹೊಡೆದದ್ದು, ಮುಟ್ಟಬಾರದಂತೆ ಮುಟ್ಟಿದ್ದು ಮಾತಿನ ನಡುವೆ ಬಂದುಬಿಡಬಹುದು. ಆಗ ಪ್ರಸಾರದಲ್ಲಿ ಒಂದು ಪ್ರಶ್ನೆಯನ್ನೂ ಮುಂದುವರಿಸಬಾರದು. ‘ಹೇಳಿದ್ದು ಒಳ್ಳೇದಾಯ್ತು ಮರಿ, ಫೋನ್ ಇಡಬೇಡ, ನಮ್ಮ ಅಕ್ಕ ಮಾತಾಡ್ತಾರೆ’ ಎಂದು ಶಾಂತವಾಗಿ ಹೇಳಿ ಹಾಡು ಹಾಕಿ, ಕರೆಯನ್ನು ಮೇಜಿನಲ್ಲಿರುವವರಿಗೆ ವರ್ಗಾಯಿಸಿ. ವಿಳಂಬದ ಉಪಕರಣವಿದ್ದರೆ ಆ ಮಾತನ್ನು ತಡೆಯಿರಿ.

ಮೇಜಿನಲ್ಲಿರುವವರು ತನಿಖೆ ನಡೆಸಬಾರದು. ಮಗು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡು, ಅದು ಈಗ ಸುರಕ್ಷಿತವಾಗಿದೆಯೇ ಎಂದಷ್ಟೇ ಕೇಳಿ, ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಬೇಕು. ಪಕ್ಕದಲ್ಲಿ ನಿಂತಿರುವವರೇ ಭಯಕ್ಕೆ ಕಾರಣರಾಗಿರಬಹುದಾದ್ದರಿಂದ ಫೋನನ್ನು ಅವರಿಗೆ ಕೊಡು ಎನ್ನುವ ಮುನ್ನ ಯೋಚಿಸಬೇಕು. ಲೈಂಗಿಕ ದೌರ್ಜನ್ಯದ ಸುಳಿವಿದ್ದರೆ 2012ರ ಪೋಕ್ಸೋ ಕಾಯ್ದೆಯ 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ; ಅದೇ ಕಾಯ್ದೆಯ 23ನೇ ಕಲಮು ಮತ್ತು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮು ಅಂಥ ಮಗುವಿನ ಗುರುತನ್ನು ಮಾಧ್ಯಮ ಬಹಿರಂಗಪಡಿಸುವುದನ್ನು ನಿಷೇಧಿಸುತ್ತವೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರೊಂದಿಗೆ ಕಾರ್ಯಕ್ರಮಕ್ಕೆ ಮೊದಲೇ ಮಾತಾಡಿ, ಆ ಗಂಟೆಯಲ್ಲಿ ಯಾರಿಗೆ ಕರೆ ಮಾಡಬೇಕೆಂದು ಬರೆದು ಗೋಡೆಗೆ ಅಂಟಿಸಿ. ಈ ಏರ್ಪಾಡು ಮಾಡಿಕೊಳ್ಳಲಾಗದ ಕೇಂದ್ರವು ನೇರ ಕರೆಗಳನ್ನು ಬಿಟ್ಟು, ಮುದ್ರಿಸಿ ಪರಿಶೀಲಿಸಿದ ಧ್ವನಿಗಳನ್ನೇ ಬಿತ್ತರಿಸುವುದು ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಂತ 8: ಪ್ರಸಾರ ಮುಗಿದ ಮೇಲೆ

ಮರುದಿನ ಮಾತಾಡಿದ ಮಕ್ಕಳ ಮನೆಗಳಿಗೆಲ್ಲ ಒಂದು ಚಿಕ್ಕ ಕರೆ ಮಾಡಿ. ಮಗು ಹೇಗಿದೆ, ಯಾರಾದರೂ ಗೇಲಿ ಮಾಡಿದರೇ ಎಂದು ವಿಚಾರಿಸಿ. ಮಗು ನೆನೆದ ವ್ಯಕ್ತಿ ಪ್ರಸಾರ ಕೇಳಿರದಿದ್ದರೆ, ಮನೆಯವರ ಒಪ್ಪಿಗೆ ಪಡೆದು ಆ ತುಣುಕನ್ನು ಅವರಿಗೆ ಕೇಳಿಸುವ ವ್ಯವಸ್ಥೆ ಮಾಡಬಹುದು. ಬಸ್ಸಿನ ಕಂಡಕ್ಟರ್, ಬಿಸಿಯೂಟದ ಅಡುಗೆಯವರು, ಆಶಾ ಕಾರ್ಯಕರ್ತೆಯಂಥವರಿಗೆ ಇಂಥ ಮಾತು ಸಾಮಾನ್ಯವಾಗಿ ತಲುಪುವುದೇ ಇಲ್ಲ.

ಸಮುದಾಯ ಬಾನುಲಿ ಕೇಂದ್ರಗಳು ಪ್ರಸಾರವಾದ ಕಾರ್ಯಕ್ರಮಗಳನ್ನು ಮೂರು ತಿಂಗಳು ಕಾಯ್ದಿಡಬೇಕೆಂಬ ನಿಯಮವಿದೆ. ಆ ಪ್ರತಿಯನ್ನು ಬೀಗದಲ್ಲಿಡಿ. ವಾಟ್ಸ್‌ಆ್ಯಪ್ ಗುಂಪುಗಳಿಗೆ, ಯೂಟ್ಯೂಬಿಗೆ ತುಣುಕುಗಳನ್ನು ಹಾಕುವುದಾದರೆ ಪ್ರತ್ಯೇಕ ಒಪ್ಪಿಗೆ ಪಡೆಯಿರಿ. ರೇಡಿಯೋದಲ್ಲಿ ಒಮ್ಮೆ ಕೇಳಿ ಹೋಗುವ ಮಾತು ಅಲ್ಲಿ ವರ್ಷಾನುಗಟ್ಟಲೆ ಉಳಿಯುತ್ತದೆ, ಮತ್ತು ಎಂಟು ವರ್ಷದವಳು ಅಜ್ಜಿಯ ಕಡುಬಿನ ಬಗ್ಗೆ ಹೇಳಿದ್ದನ್ನು ಹದಿನೆಂಟರಲ್ಲಿ ಸಹಪಾಠಿಗಳು ಕೇಳುವುದು ಅವಳಿಗೆ ಬೇಡವಾಗಿರಬಹುದು. ಫೋನ್ ನಂಬರಿನ ಪಟ್ಟಿಯನ್ನು ಮರುಕರೆಗಳು ಮುಗಿದ ದಿನವೇ ಅಳಿಸಿ, ಚೀಟಿಗಳನ್ನು ಹರಿದುಹಾಕಿ. ಮುಂದಿನ ವರ್ಷದ ಭೂಮಿ ಹುಣ್ಣಿಮೆಗೆ ಬೇಕಾಗುವುದು, ಯಾವ ಪ್ರಶ್ನೆಗೆ ಮಕ್ಕಳು ತಮ್ಮದೇ ಮಾತಾಡಿದರು, ಯಾವುದಕ್ಕೆ ಕಂಠಪಾಠ ಒಪ್ಪಿಸಿದರು ಎಂಬ ಟಿಪ್ಪಣಿಯಷ್ಟೇ.